ಜರ್ಮನಿಯಲ್ಲಿ ಕೆಲಸ ಹೋದರೆ: ನಿರುದ್ಯೋಗ ಭತ್ಯೆಯನ್ನೂ ವಾಸದ ಹಕ್ಕನ್ನೂ ಉಳಿಸಿಕೊಳ್ಳುವ ಕ್ರಮ

ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್ ಕಡೆಯ ಕನ್ನಡಿಗರು ನನಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕೆಲಸ ಹೋಗಿ ಆರು ವಾರವಾಯಿತು, ಈಗ ಏನು ಮಾಡಬೇಕು?" ಈ ಪ್ರಶ್ನೆ ಮೊದಲ ದಿನವೇ ಬರಬಾರದಿತ್ತೇ ಎಂದು ಪ್ರತಿ ಸಲವೂ ಸಂಕಟವಾಗುತ್ತದೆ. ಏಕೆಂದರೆ ಆರನೇ ವಾರಕ್ಕೆ ಮೂರು ಮುಖ್ಯ ಗಡುವುಗಳು ಮುಗಿದಿರುತ್ತವೆ, ಅವುಗಳ ಜೊತೆಗೆ ಕೆಲವು ಸಾವಿರ ಯೂರೋಗಳೂ ಹೋಗಿರುತ್ತವೆ.

ತಪ್ಪಿಗೆ ಕಾರಣ ಸೋಮಾರಿತನವಲ್ಲ, ಎರಡು ತಪ್ಪು ನಂಬಿಕೆಗಳು. "ಭತ್ಯೆ ತೆಗೆದುಕೊಂಡರೆ ವೀಸಾ ಹೋಗುತ್ತದೆ" ಎಂಬುದು ಮೊದಲನೆಯದು. "ಸುಮ್ಮನಿದ್ದರೆ ವಲಸೆ ಕಚೇರಿಗೆ ಗೊತ್ತಾಗುವುದಿಲ್ಲ" ಎಂಬುದು ಎರಡನೆಯದು. ಎರಡೂ ಸುಳ್ಳು. ಬ್ಲೂ ಕಾರ್ಡ್ (ಉನ್ನತ ಶಿಕ್ಷಣ ಪಡೆದ ಹೊರದೇಶದ ಉದ್ಯೋಗಿಗಳಿಗೆ ಯುರೋಪಿಯನ್ ಒಕ್ಕೂಟದ ನಿಯಮದಡಿ ಕೊಡುವ ವಾಸ ಪರವಾನಗಿ) ಅಥವಾ ನುರಿತ ಉದ್ಯೋಗಿಯ ವಾಸ ಪರವಾನಗಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಾಯಂ ವಾಸದ ಪರವಾನಗಿ ಇರುವವರು 4ನೇ ಹಂತವನ್ನು ಬಿಟ್ಟು ಉಳಿದದ್ದನ್ನು ಹಾಗೆಯೇ ಅನುಸರಿಸಬಹುದು.

ಮೊದಲು ಮೇಜಿನ ಮೇಲೆ ಇರಬೇಕಾದವು

ಪಾಸ್‌ಪೋರ್ಟ್, ವಾಸ ಪರವಾನಗಿಯ ಕಾರ್ಡ್, ಅದರ ಜೊತೆ ಕೊಟ್ಟ ಹಸಿರು ಹಾಳೆ, ಕೆಲಸದ ಒಪ್ಪಂದ, ಕೆಲಸದಿಂದ ತೆಗೆದ ಪತ್ರ, ಕಳೆದ ಒಂದು ವರ್ಷದ ಸಂಬಳದ ಚೀಟಿಗಳು, ತೆರಿಗೆ ಗುರುತಿನ ಸಂಖ್ಯೆ, ಸಾಮಾಜಿಕ ವಿಮೆಯ ಸಂಖ್ಯೆ, ಬ್ಯಾಂಕ್ ಖಾತೆಯ ಅಂತರರಾಷ್ಟ್ರೀಯ ಸಂಖ್ಯೆಯಾದ ಐಬಿಎಎನ್. ಹಸಿರು ಹಾಳೆಯನ್ನು ಬಹಳ ಜನ ಕಳೆದುಕೊಂಡಿರುತ್ತಾರೆ. ನಿಮಗೆ ಯಾವ ಕೆಲಸಕ್ಕೆ ಅನುಮತಿ ಇದೆ ಎಂಬುದು ಅದರಲ್ಲೇ ಬರೆದಿರುವುದರಿಂದ ಈಗಲೇ ಹುಡುಕಿಡಿ.

ಇನ್ನೊಂದು ಸಾಧನ ನಿಮ್ಮ ಕಾರ್ಡಿನೊಳಗೇ ಇದೆ. ವಾಸ ಪರವಾನಗಿಯ ಕಾರ್ಡಿಗೆ ಆನ್‌ಲೈನ್ ಗುರುತಿನ ಸೌಲಭ್ಯವಿದ್ದು, ಅದಕ್ಕೆ ಆರು ಅಂಕಿಯ ಪಿನ್ ಬೇಕು. ಕಾರ್ಡ್ ಮಾಡಿಸಿದಾಗ ಪಿನ್‌ನ ಪತ್ರ ಅಂಚೆಯಲ್ಲಿ ಬಂದಿರುತ್ತದೆ, ಹೆಚ್ಚಿನವರು ಅದನ್ನು ತೆರೆದೂ ನೋಡಿರುವುದಿಲ್ಲ. ಪಿನ್ ಇದ್ದರೆ ನಿರುದ್ಯೋಗದ ನೋಂದಣಿಯನ್ನು ಮನೆಯಿಂದಲೇ ಮಾಡಬಹುದು.

ಒಂದು ಹಾಳೆಯ ಮೇಲೆ ಎರಡು ದಿನಾಂಕಗಳನ್ನು ದೊಡ್ಡದಾಗಿ ಬರೆಯಿರಿ: ಪತ್ರ ಕೈಗೆ ಬಂದ ದಿನ, ಕೆಲಸ ಮುಗಿಯುವ ದಿನ. ಮುಂದಿನ ಎಲ್ಲ ಲೆಕ್ಕವೂ ಇವೆರಡರಿಂದಲೇ ಹೊರಡುತ್ತದೆ.

1. ಪತ್ರ ಬಂದ ದಿನ: ಏನಕ್ಕೂ ಸಹಿ ಹಾಕಬೇಡಿ

ಅತಿ ದೊಡ್ಡ ನಷ್ಟ ಆಗುವುದು ಇಲ್ಲೇ, ಅದೂ ಅರ್ಧ ಗಂಟೆಯ ಸಭೆಯಲ್ಲಿ. ಮಾನವ ಸಂಪನ್ಮೂಲ ವಿಭಾಗದವರು ನಯವಾಗಿ ಮಾತನಾಡಿ ಒಂದು ಪತ್ರ ಮುಂದಿಡುತ್ತಾರೆ. ಮೂರು ತಿಂಗಳ ಸಂಬಳ, ಒಳ್ಳೆಯ ಶಿಫಾರಸು ಪತ್ರ, "ಇಂದೇ ಸಹಿ ಹಾಕಿದರೆ ಮಾತ್ರ" ಎಂಬ ಒತ್ತಡ. ಅದರ ಹೆಸರು ಔಫ್‌ಹೇಬುಂಗ್ಸ್‌ಫೆರ್‌ಟ್ರಾಗ್, ಅಂದರೆ ಇಬ್ಬರೂ ಒಪ್ಪಿ ಕೆಲಸ ಮುಗಿಸುವ ಪತ್ರ. ಸಹಿ ಹಾಕಿದರೆ ಕಾನೂನಿನ ಕಣ್ಣಿಗೆ ನೀವೇ ಕೆಲಸ ಬಿಡಲು ಒಪ್ಪಿದಂತೆ. ಆಗ ಉದ್ಯೋಗ ಕಚೇರಿ 12 ವಾರಗಳ ತಡೆ ಹಾಕಬಹುದು. ಆ ಅವಧಿಯಲ್ಲಿ ಭತ್ಯೆ ಬರುವುದಿಲ್ಲ. ಅಷ್ಟೇ ಅಲ್ಲ, ಒಟ್ಟು ಭತ್ಯೆಯ ಅವಧಿಯಲ್ಲಿ ಕನಿಷ್ಠ ಕಾಲು ಭಾಗ ಕಡಿತವಾಗುತ್ತದೆ. 12 ತಿಂಗಳ ಹಕ್ಕಿದ್ದವರಿಗೆ 3 ತಿಂಗಳು ಶಾಶ್ವತವಾಗಿ ಹೋದಂತೆ.

ಸ್ವತಃ ರಾಜೀನಾಮೆ ಕೊಟ್ಟರೂ ಇದೇ ಗತಿ. "ತೆಗೆದುಹಾಕಿದರು ಎನ್ನುವುದಕ್ಕಿಂತ ರಾಜೀನಾಮೆ ಕೊಟ್ಟೆ ಎನ್ನುವುದು ಗೌರವ" ಎಂಬ ನಮ್ಮ ಊರಿನ ಲೆಕ್ಕಾಚಾರ ಇಲ್ಲಿ ದುಬಾರಿ. ಹೀಗೆ ಮರ್ಯಾದೆಗೆ ಅಂಜಿ ಕೈ ಸುಟ್ಟುಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ. ಜರ್ಮನಿಯಲ್ಲಿ ಕೆಲಸದಿಂದ ತೆಗೆಯುವುದು ಒಂದು ಆಡಳಿತ ಕ್ರಮ, ಅದು ನಿಮ್ಮ ಯೋಗ್ಯತೆಯ ತೀರ್ಪಲ್ಲ.

ಹಾಗಾದರೆ ಹೇಳಬೇಕಾದ್ದೇನು? "ಓದಲು ಸಮಯ ಬೇಕು, ವಕೀಲರಿಗೆ ತೋರಿಸುತ್ತೇನೆ" ಎಂದಷ್ಟೇ ಹೇಳಿ ಪತ್ರದ ಪ್ರತಿ ತೆಗೆದುಕೊಂಡು ಎದ್ದು ಬನ್ನಿ. ಪತ್ರ ತಲುಪಿದೆ ಎಂದು ಸಹಿ ಕೇಳಿದರೆ, ಬರೀ "ತಲುಪಿತು" ಎಂಬ ಮಾತಿದೆಯೇ, "ಒಪ್ಪಿದೆ" ಎಂಬ ಮಾತೂ ಇದೆಯೇ ನೋಡಿ. ಅನುಮಾನವಿದ್ದರೆ ಸಹಿ ಬೇಡ. ನೀವು ಸಹಿ ಹಾಕದಿದ್ದರೂ ಅವರ ಪತ್ರಕ್ಕೆ ಇರುವ ಬೆಲೆ ಇದ್ದೇ ಇರುತ್ತದೆ.

ಕೆಲಸದಿಂದ ತೆಗೆಯುವ ಪತ್ರ ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ ಇರಬೇಕು. ಇ-ಮೇಲ್, ವಾಟ್ಸ್‌ಆ್ಯಪ್, ಮೌಖಿಕ ಮಾತು ಯಾವುದೂ ನಡೆಯುವುದಿಲ್ಲ. ಹಾಗಂತ ಇ-ಮೇಲ್ ಬಂದರೆ ಸುಮ್ಮನೆ ಕೂರಬೇಡಿ. ಆ ದಿನದಿಂದಲೇ ಮುಂದಿನ ಹಂತಗಳನ್ನು ಆರಂಭಿಸಿ.

2. ಮೂರು ದಿನದೊಳಗೆ: ಕೆಲಸ ಹುಡುಕುತ್ತಿದ್ದೇನೆ ಎಂದು ತಿಳಿಸುವುದು

ಇದರ ಹೆಸರು ಆರ್ಬೈಟ್‌ಸೂಖೆಂಡ್ ನೋಂದಣಿ. ಕೆಲಸ ಮುಗಿಯಲು ಮೂರು ತಿಂಗಳಿಗಿಂತ ಹೆಚ್ಚು ಸಮಯವಿದ್ದರೆ, ಮೂರು ತಿಂಗಳು ಉಳಿದಿರುವಷ್ಟರಲ್ಲಿ ಮಾಡಬೇಕು. ಅದಕ್ಕಿಂತ ಕಡಿಮೆ ಸಮಯವಿದ್ದರೆ ವಿಷಯ ತಿಳಿದ ಮೂರು ದಿನಗಳೊಳಗೆ. ಕೆಲಸಕ್ಕೆ ಸೇರಿದ ಆರಂಭದ ಪರೀಕ್ಷಾ ಅವಧಿಯಲ್ಲಿರುವವರಿಗೆ ಎರಡು ವಾರಗಳ ನೋಟಿಸ್ ಮಾತ್ರ ಇರುವುದರಿಂದ ಅವರಿಗೆ ಈ ಮೂರು ದಿನವೇ ಗಡುವು. ಉದ್ಯೋಗ ಕಚೇರಿಯ ಜಾಲತಾಣದಲ್ಲಿ ಅಥವಾ ಫೋನಿನಲ್ಲಿ ತಿಳಿಸಿದರೂ ಸಾಕು. ತಡವಾದರೆ ಒಂದು ವಾರದ ಭತ್ಯೆ ಹೋಗುತ್ತದೆ.

ಕೆಲಸ ಹೋಗುವುದು ಖಚಿತವಿಲ್ಲ, ಮೇಲಿನವರೊಂದಿಗೆ ಮಾತುಕತೆ ನಡೆಯುತ್ತಿದೆ ಎಂದು ಕಾಯಬೇಡಿ. ಒಪ್ಪಂದ ನವೀಕರಣವಾಗಬಹುದು ಎಂಬ ಆಸೆಯಲ್ಲಿ ಕಾಯುವವರೇ ಇಲ್ಲಿ ಹೆಚ್ಚು ಎಡವುತ್ತಾರೆ. ಕೆಲಸ ಉಳಿದರೆ ನೋಂದಣಿಯನ್ನು ರದ್ದುಮಾಡಬಹುದು, ಅದಕ್ಕೆ ದಂಡವೇನೂ ಇಲ್ಲ.

ಹೋಗಬೇಕಾದ ಕಚೇರಿ ಯಾವುದು ಎಂಬುದೂ ಮುಖ್ಯ. ಆಗೆಂಟೂರ್ ಫ್ಯೂರ್ ಆರ್ಬೈಟ್ (ನಾನು ಉದ್ಯೋಗ ಕಚೇರಿ ಎನ್ನುತ್ತಿರುವುದು ಇದನ್ನೇ) ಬೇರೆ, ಜಾಬ್‌ಸೆಂಟರ್ ಬೇರೆ. ನೀವು ಕಂತು ಕಟ್ಟಿದ ವಿಮೆಯ ಹಣ ಕೊಡುವುದು ಮೊದಲನೆಯದು. ಸರ್ಕಾರದ ಬೊಕ್ಕಸದಿಂದ ಜೀವನಾಧಾರ ಭತ್ಯೆ ಕೊಡುವುದು ಎರಡನೆಯದು. ಹೆಸರು ಕೇಳಿ ಜಾಬ್‌ಸೆಂಟರಿನಲ್ಲಿ ಸಾಲು ನಿಂತು ದಿನ ಕಳೆದವರಿದ್ದಾರೆ. ವಾಸದ ಹಕ್ಕಿನ ದೃಷ್ಟಿಯಿಂದ ಈ ಎರಡರ ನಡುವೆ ಭೂಮಿ ಆಕಾಶದ ಅಂತರವಿದೆ, ಅದನ್ನು 5ನೇ ಹಂತದಲ್ಲಿ ಹೇಳುತ್ತೇನೆ.

3. ನಿರುದ್ಯೋಗದ ಮೊದಲ ದಿನ: ಎರಡನೇ ನೋಂದಣಿ

ಓದುಗರು ಮತ್ತೆ ಮತ್ತೆ ಸೋಲುವ ಜಾಗ ಇದೇ. ಹಿಂದಿನ ಹಂತದಲ್ಲಿ ನೀವು "ಹುಡುಕುತ್ತಿದ್ದೇನೆ" ಎಂದಿರಿ. ಈಗ "ಇಂದಿನಿಂದ ಕೆಲಸವಿಲ್ಲ" ಎಂದು ಬೇರೆಯಾಗಿ ಹೇಳಬೇಕು. ಇದು ಆರ್ಬೈಟ್ಸ್‌ಲೋಸ್ ನೋಂದಣಿ. ಕಚೇರಿಗೆ ಖುದ್ದಾಗಿ ಹೋಗಬೇಕು, ಅಥವಾ ಮೊದಲೇ ಹೇಳಿದ ಪಿನ್ ಬಳಸಿ ಆನ್‌ಲೈನಿನಲ್ಲಿ ಮಾಡಬೇಕು. ಫೋನ್ ಮಾಡಿದರೆ, ಇ-ಮೇಲ್ ಕಳಿಸಿದರೆ ಲೆಕ್ಕಕ್ಕಿಲ್ಲ. ಕೆಲಸ ಮುಗಿಯುವ ಮೂರು ತಿಂಗಳ ಮೊದಲಿನಿಂದಲೇ ಮಾಡಬಹುದು, ತಪ್ಪಿದರೆ ಕೆಲಸವಿಲ್ಲದ ಮೊದಲ ದಿನ ಮಾಡಲೇಬೇಕು.

ಭತ್ಯೆ ಈ ನೋಂದಣಿಯ ದಿನದಿಂದ ಎಣಿಕೆಯಾಗುತ್ತದೆ. ಹಿಂದಿನ ದಿನಗಳಿಗೆ ಸಿಗುವುದಿಲ್ಲ. ಮೂರು ವಾರ ತಡವಾದರೆ ಮೂರು ವಾರದ ಹಣ ಹೋಯಿತು, ಯಾವ ಅಧಿಕಾರಿಯ ಮುಂದೆ ಬೇಡಿಕೊಂಡರೂ ಬರುವುದಿಲ್ಲ. ಇದಾದ ಮೇಲೆ ಭತ್ಯೆಯ ಅರ್ಜಿಯನ್ನು ತುಂಬಬೇಕು. ಹಳೆಯ ಸಂಸ್ಥೆ ದುಡಿದ ಅವಧಿಯ ಮತ್ತು ಸಂಬಳದ ದೃಢೀಕರಣವನ್ನು ಕಚೇರಿಗೆ ನೇರವಾಗಿ ಕಳಿಸುತ್ತದೆ. ಎರಡು ವಾರವಾದರೂ ಕಳಿಸದಿದ್ದರೆ ಲಿಖಿತವಾಗಿ ಕೇಳಿ, ಅದರ ಪ್ರತಿಯನ್ನು ಉದ್ಯೋಗ ಕಚೇರಿಗೂ ಕೊಡಿ.

ನಿಮಗೆ ಎಷ್ಟು ಸಿಗುತ್ತದೆ? ಕಳೆದ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿರಬೇಕು. 12 ತಿಂಗಳು ಕಟ್ಟಿದ್ದರೆ 6 ತಿಂಗಳ ಭತ್ಯೆ, 16ಕ್ಕೆ 8, 20ಕ್ಕೆ 10, 24ಕ್ಕೆ 12. ಐವತ್ತು ದಾಟಿದವರಿಗೆ ಇನ್ನೂ ಹೆಚ್ಚು. ಮೊತ್ತ ನಿವ್ವಳ ಸಂಬಳದ ಸುಮಾರು 60 ಶೇಕಡ, ಮಕ್ಕಳಿದ್ದರೆ 67 ಶೇಕಡ. ಸಂಬಳದ ಚೀಟಿಯಲ್ಲಿ ಎ.ವಿ. ಎಂಬ ಸಾಲು ನೋಡಿ. ಸಂಬಳದ 2.6 ಶೇಕಡ ಈ ವಿಮೆಗೆ ಹೋಗುತ್ತದೆ, ಅರ್ಧ ನಿಮ್ಮ ಪಾಲು, ಅರ್ಧ ಸಂಸ್ಥೆಯದು. ಅದು ನಿಮ್ಮ ದುಡಿಮೆಯ ಹಣ. ಕೇಳಲು ಸಂಕೋಚಪಡಬೇಡಿ.

ಹಿಂದೆ ನೆದರ್ಲೆಂಡ್ಸ್, ಇಟಲಿ, ಪೋಲೆಂಡಿನಂಥ ಯುರೋಪಿಯನ್ ಒಕ್ಕೂಟದ ದೇಶದಲ್ಲಿ ದುಡಿದು ಜರ್ಮನಿಗೆ ಬಂದವರಿಗೆ ಒಂದು ಒಳ್ಳೆಯ ಸುದ್ದಿಯಿದೆ. ಅಲ್ಲಿ ವಿಮೆ ಕಟ್ಟಿದ ತಿಂಗಳುಗಳನ್ನು ಇಲ್ಲಿ ಜೋಡಿಸಬಹುದು. ಒಕ್ಕೂಟದ ಪೌರರಿಗಷ್ಟೇ ಇದ್ದ ಈ ನಿಯಮವನ್ನು ಆಮೇಲೆ ನಮ್ಮಂಥ ಹೊರದೇಶದವರಿಗೂ ವಿಸ್ತರಿಸಲಾಯಿತು. ಡೆನ್ಮಾರ್ಕ್ ಮಾತ್ರ ಅದಕ್ಕೆ ಸೇರಿಲ್ಲ. ನೆದರ್ಲೆಂಡ್ಸಿನಲ್ಲಿ 8 ತಿಂಗಳು, ಜರ್ಮನಿಯಲ್ಲಿ 5 ತಿಂಗಳು ದುಡಿದಿದ್ದರೆ 13 ತಿಂಗಳಾಯಿತು, ಹಕ್ಕು ಬಂತು. ಹಳೆಯ ದೇಶದ ಉದ್ಯೋಗ ವಿಮೆಯ ಕಚೇರಿಯಿಂದ ಯು 1 ಎಂಬ ನಮೂನೆ ತರಿಸಬೇಕು. ಅದು ಬರಲು ಸಮಯ ಹಿಡಿಯುವುದರಿಂದ ಪತ್ರ ಕೈಗೆ ಬಂದ ವಾರವೇ ಅರ್ಜಿ ಹಾಕಿ. ಬೆಂಗಳೂರಿನಲ್ಲಿ ದುಡಿದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ.

4. ಎರಡು ವಾರದೊಳಗೆ: ವಲಸೆ ಕಚೇರಿಗೆ ನೀವೇ ತಿಳಿಸಿ

ಬ್ಲೂ ಕಾರ್ಡ್ ಅಥವಾ ನುರಿತ ಉದ್ಯೋಗಿಯ ಪರವಾನಗಿ ಇರುವವರು, ಕೆಲಸ ಅವಧಿಗೆ ಮೊದಲೇ ಮುಗಿಯುತ್ತದೆ ಎಂದು ತಿಳಿದ ಎರಡು ವಾರಗಳೊಳಗೆ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ವಿದೇಶಿಯರ ಕಚೇರಿಗೆ, ಲಿಖಿತವಾಗಿ ತಿಳಿಸಬೇಕು. ಎಣಿಕೆ ಕೆಲಸದ ಕೊನೆಯ ದಿನದಿಂದಲ್ಲ, ವಿಷಯ ತಿಳಿದ ದಿನದಿಂದ. ನಿಮ್ಮ ಸಂಸ್ಥೆಗೂ ನಾಲ್ಕು ವಾರಗಳೊಳಗೆ ತಿಳಿಸುವ ಕರ್ತವ್ಯವಿದೆ. ಆದ್ದರಿಂದ ಸುಮ್ಮನಿದ್ದು ಮುಚ್ಚಿಡಬಹುದು ಎಂಬ ಯೋಚನೆಗೆ ಅರ್ಥವೇ ಇಲ್ಲ. ಸಂಸ್ಥೆಯ ಪತ್ರ ಮೊದಲು ತಲುಪಿ ನಿಮ್ಮದು ಬಾರದಿದ್ದರೆ, ನಾಳೆ ಕಾಯಂ ಪರವಾನಗಿ ಕೇಳುವಾಗ ಆ ಕಡತವೇ ಎದುರು ನಿಲ್ಲುತ್ತದೆ.

ಪತ್ರ ಚಿಕ್ಕದಿರಲಿ. ಹೆಸರು, ಹುಟ್ಟಿದ ದಿನ, ಪರವಾನಗಿಯ ಸಂಖ್ಯೆ, ಕೆಲಸ ಮುಗಿಯುವ ದಿನ, ಹೊಸ ಕೆಲಸ ಹುಡುಕುತ್ತಿರುವ ವಿಷಯ, ಜೀವನಕ್ಕೆ ಭತ್ಯೆಯೋ ಉಳಿತಾಯವೋ ಸಂಗಾತಿಯ ಸಂಬಳವೋ ಇದೆ ಎಂಬ ಮಾತು. ಸಂಗಾತಿ ದುಡಿಯುತ್ತಿದ್ದರೆ ಅದನ್ನು ತಪ್ಪದೆ ಬರೆಯಿರಿ, ಅದಕ್ಕೆ ತೂಕವಿದೆ. ಇ-ಮೇಲ್ ಅಥವಾ ಕಚೇರಿಯ ಆನ್‌ಲೈನ್ ನಮೂನೆಯಲ್ಲಿ ಕಳಿಸಿ, ಕಳಿಸಿದ ದಾಖಲೆಯನ್ನು ಜೋಪಾನವಾಗಿಡಿ. ಕೆಲವು ಊರುಗಳಲ್ಲಿ ಉತ್ತರಕ್ಕೆ ತಿಂಗಳುಗಳೇ ಬೇಕು. ಉತ್ತರ ಬಾರದಿರುವುದು ನಿಮ್ಮ ತಪ್ಪಲ್ಲ, ಕಳಿಸಿದ್ದಕ್ಕೆ ಪುರಾವೆ ಇಲ್ಲದಿರುವುದು ತಪ್ಪು.

ಮುಂದೆ ಏನಾಗುತ್ತದೆ? ಕೆಲಸ ಹೋದ ಮಾತ್ರಕ್ಕೆ ಪರವಾನಗಿ ಅದೇ ದಿನ ಸಾಯುವುದಿಲ್ಲ. ಯುರೋಪಿಯನ್ ಒಕ್ಕೂಟದ 2021ರ ಬ್ಲೂ ಕಾರ್ಡ್ ನಿರ್ದೇಶನದ ಪ್ರಕಾರ, ಕಾರ್ಡ್ ಪಡೆದು ಎರಡು ವರ್ಷ ಆಗದವರ ನಿರುದ್ಯೋಗ ಒಟ್ಟು ಮೂರು ತಿಂಗಳು ದಾಟುವವರೆಗೆ, ಎರಡು ವರ್ಷ ದಾಟಿದವರದು ಆರು ತಿಂಗಳು ದಾಟುವವರೆಗೆ, ನಿರುದ್ಯೋಗವೊಂದೇ ಕಾರಣಕ್ಕೆ ಕಾರ್ಡ್ ಹಿಂಪಡೆಯುವಂತಿಲ್ಲ. ನುರಿತ ಉದ್ಯೋಗಿಯ ಸಾಮಾನ್ಯ ಪರವಾನಗಿಯಾದರೆ ಕಚೇರಿಯ ವಿವೇಚನೆ. ಅದರ ಅವಧಿಯನ್ನು ಕಡಿತಗೊಳಿಸುವ ಅಧಿಕಾರ ಅವರಿಗಿದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಭತ್ಯೆಯ ಗಡಿಯಾರ ಬೇರೆ, ಪರವಾನಗಿಯ ಗಡಿಯಾರ ಬೇರೆ. 12 ತಿಂಗಳ ಭತ್ಯೆ ಮಂಜೂರಾಯಿತು ಎಂದರೆ 12 ತಿಂಗಳು ಇರಬಹುದು ಎಂದಲ್ಲ. ಪರವಾನಗಿ ಹೋದರೆ, ಕೆಲಸಕ್ಕೆ ಸೇರಲು ಕಾನೂನಿನ ಅನುಮತಿಯೇ ಇಲ್ಲವೆಂದು ಭತ್ಯೆಯೂ ನಿಲ್ಲಬಹುದು.

ಎಚ್ಚರಿಕೆಯ ಗುರುತುಗಳು: ಆನ್‌ಹ್ಯೋರುಂಗ್ ಎಂಬ ಶೀರ್ಷಿಕೆಯ ಪತ್ರ ಬಂದರೆ, ನಿಮ್ಮ ಪರವಾನಗಿಯನ್ನು ಮೊಟಕುಗೊಳಿಸಲು ಯೋಚಿಸುತ್ತಿದ್ದಾರೆ, ಅದಕ್ಕೆ ಮೊದಲು ನಿಮ್ಮ ಮಾತು ಕೇಳುತ್ತಿದ್ದಾರೆ ಎಂದರ್ಥ. ಅದರಲ್ಲಿ ಬರೆದ ದಿನದೊಳಗೆ ಉತ್ತರಿಸಿ. ಸಂದರ್ಶನದ ಆಹ್ವಾನಗಳನ್ನು, ಕಳಿಸಿದ ಅರ್ಜಿಗಳ ಪಟ್ಟಿಯನ್ನು ಲಗತ್ತಿಸಿ. ಅಧಿಕೃತ ಪತ್ರಗಳನ್ನು ತಲುಪಿಸುವ ಹಳದಿ ಲಕೋಟೆ ಬಂದರೆ ಲಕೋಟೆಯನ್ನು ಎಸೆಯಬೇಡಿ. ಅಂಚೆಯವರು ಅದರ ಮೇಲೆ ಬರೆದ ದಿನಾಂಕದಿಂದಲೇ ಗಡುವು ಆರಂಭ.

5. ಯಾವ ಸವಲತ್ತು ಪರವಾನಗಿಗೆ ಧಕ್ಕೆ ತರುತ್ತದೆ, ಯಾವುದು ತರುವುದಿಲ್ಲ

ನಿಮ್ಮ ಜೀವನ ನಿಮ್ಮ ಸ್ವಂತ ಆದಾಯದಿಂದ ನಡೆಯಬೇಕು, ಸರ್ಕಾರದ ಹಣದಿಂದಲ್ಲ ಎಂಬುದು ಪರವಾನಗಿಯ ಮೂಲ ಷರತ್ತು. ಆದರೆ ಕಂತು ಕಟ್ಟಿ ಗಳಿಸಿದ ಹಕ್ಕುಗಳನ್ನು ವಾಸ ಕಾಯಿದೆಯೇ ಆ "ಸರ್ಕಾರದ ಹಣ"ದ ಪಟ್ಟಿಯಿಂದ ಹೊರಗಿಟ್ಟಿದೆ. ನಿರುದ್ಯೋಗ ವಿಮೆಯ ಭತ್ಯೆ, ಅಂದರೆ ಆರ್ಬೈಟ್ಸ್‌ಲೋಸನ್‌ಗೆಲ್ಡ್, ಧೈರ್ಯವಾಗಿ ತೆಗೆದುಕೊಳ್ಳಬಹುದಾದದ್ದು. ಮಕ್ಕಳ ಭತ್ಯೆಯಾದ ಕಿಂಡರ್‌ಗೆಲ್ಡ್, ಪೋಷಕರ ಭತ್ಯೆಯಾದ ಎಲ್ಟರ್ನ್‌ಗೆಲ್ಡ್ ಕೂಡ ಹಾಗೆಯೇ. "ಮಗುವಿನ ಹಣ ತೆಗೆದುಕೊಂಡರೆ ಕಾಯಂ ಪರವಾನಗಿ ಸಿಗುವುದಿಲ್ಲ" ಎಂದು ಯಾರೋ ಹೇಳಿದ್ದನ್ನು ನಂಬಿ ವರ್ಷಗಟ್ಟಲೆ ಬಿಟ್ಟ ಕುಟುಂಬಗಳಿವೆ. ಕಿಂಡರ್‌ಗೆಲ್ಡ್ 2025ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 255 ಯೂರೋ ಇತ್ತು. ಹಿಂದಿನದ್ದು ಆರು ತಿಂಗಳಿಗೆ ಮಾತ್ರ ಸಿಗುತ್ತದೆ, ಇನ್ನೂ ಅರ್ಜಿ ಹಾಕಿಲ್ಲವಾದರೆ ಈ ವಾರವೇ ಹಾಕಿ.

ಅಪಾಯ ಇರುವುದು ಜಾಬ್‌ಸೆಂಟರ್ ಕೊಡುವ, 2023ರಲ್ಲಿ ಬ್ಯುರ್ಗರ್‌ಗೆಲ್ಡ್ ಎಂಬ ಹೆಸರು ಪಡೆದ ಜೀವನಾಧಾರ ಭತ್ಯೆಯಲ್ಲಿ. ಅದು ಕಂತಿನ ಹಣವಲ್ಲ. ಅರ್ಜಿ ಹಾಕಿದರೆ ವಿಷಯ ವಲಸೆ ಕಚೇರಿಗೆ ಮುಟ್ಟಬಹುದು, ನವೀಕರಣಕ್ಕೆ ತೊಡಕಾಗಬಹುದು. ಬೇರೆ ದಾರಿಯೇ ಇಲ್ಲದಿದ್ದಾಗ, ಸಲಹೆ ಪಡೆದ ನಂತರವೇ ಆ ಬಾಗಿಲು ತಟ್ಟಿ. ಕಾರಿಟಾಸ್, ಡಿಯಾಕೊನೀ, ಜರ್ಮನ್ ರೆಡ್ ಕ್ರಾಸ್ ಮೊದಲಾದ ಸಂಸ್ಥೆಗಳು ವಯಸ್ಕ ವಲಸಿಗರಿಗೆ ಉಚಿತ ಸಲಹೆ ನೀಡುತ್ತವೆ. ನೆರೆಮನೆಯವರ ಅನುಭವಕ್ಕಿಂತ ಅವರ ಮಾತು ನಂಬಿಕೆಗೆ ಅರ್ಹ.

6. ಮೂರು ವಾರದೊಳಗೆ: ನ್ಯಾಯಾಲಯಕ್ಕೆ ಹೋಗಬೇಕೇ ಎಂಬ ನಿರ್ಧಾರ

ತೆಗೆದ ಪತ್ರ ತಲುಪಿದ ಮೂರು ವಾರಗಳೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ಪ್ರಶ್ನಿಸದಿದ್ದರೆ, ಆ ಪತ್ರ ತಪ್ಪಿದ್ದರೂ ಸರಿಯೆಂದೇ ಲೆಕ್ಕ. "ನ್ಯಾಯಾಲಯ" ಎಂಬ ಪದ ಕೇಳಿದೊಡನೆ ನಮಗೆ ಹತ್ತು ವರ್ಷದ ಅಲೆದಾಟ ನೆನಪಾಗುತ್ತದೆ. ಇಲ್ಲಿ ಹಾಗಿಲ್ಲ. ಬಹಳ ಪ್ರಕರಣಗಳು ಆರಂಭದ ಸಂಧಾನದಲ್ಲೇ ಪರಿಹಾರದ ಹಣ ಅಥವಾ ಮುಂದೂಡಿದ ಕೊನೆಯ ದಿನದೊಂದಿಗೆ ಮುಗಿಯುತ್ತವೆ. ಕೊನೆಯ ದಿನ ಎರಡು ತಿಂಗಳು ಮುಂದೆ ಹೋದರೆ ನಿಮ್ಮ ಪರವಾನಗಿಗೆ ಸಿಗುವ ಉಸಿರು ಹಣಕ್ಕಿಂತ ದೊಡ್ಡದು.

ಮೊದಲ ಹಂತದಲ್ಲಿ ವಕೀಲರು ಕಡ್ಡಾಯವಲ್ಲ. ನ್ಯಾಯಾಲಯದ ಅರ್ಜಿ ವಿಭಾಗದಲ್ಲಿ ನೀವೇ ಹೋಗಿ ದೂರು ಬರೆಸಬಹುದು. ವಕೀಲರನ್ನು ಇಟ್ಟುಕೊಂಡರೆ, ಗೆದ್ದರೂ ಆ ಖರ್ಚು ನಿಮ್ಮದೇ. ಕಾನೂನು ವಿಮೆಯೋ ಕಾರ್ಮಿಕ ಸಂಘದ ಸದಸ್ಯತ್ವವೋ ಇದ್ದರೆ ಈಗ ಬಳಸಿ.

7. ಭತ್ಯೆ ಬರುವಾಗ ಪಾಲಿಸಬೇಕಾದವು

ಊರಿಗೆ ಹೋಗುವ ವಿಷಯ ಮೊದಲು. ಕೆಲಸವಿಲ್ಲ, ಅಪ್ಪ ಅಮ್ಮನನ್ನು ನೋಡಿ ಬರೋಣ ಎಂದು ಟಿಕೆಟ್ ಮಾಡಿಸುವುದು ಸಹಜ. ಆದರೆ ಭತ್ಯೆ ಪಡೆಯುವವರು ನಾಳೆಯೇ ಕೆಲಸಕ್ಕೆ ಸಿಗುವಂತಿರಬೇಕು. ಉದ್ಯೋಗ ಕಚೇರಿಯ ಅನುಮತಿ ಪಡೆದು ವರ್ಷಕ್ಕೆ ಒಟ್ಟು ಮೂರು ವಾರದವರೆಗೆ ಹೊರಗಿರಬಹುದು. ಹೇಳದೆ ಹೋದರೆ ಆ ದಿನಗಳ ಹಣವನ್ನು ಹಿಂತಿರುಗಿಸಬೇಕಾಗುತ್ತದೆ. ನೀವು ಊರಿನಲ್ಲಿರುವಾಗ ಅಂಚೆಪೆಟ್ಟಿಗೆಗೆ ಬಿದ್ದ ಪತ್ರವೂ ತಲುಪಿದಂತೆಯೇ. ಪೆಟ್ಟಿಗೆಯ ಮೇಲೆ ಹೆಸರು ಸರಿಯಾಗಿದೆಯೇ ನೋಡಿ, ನಂಬಿಕಸ್ತ ಗೆಳೆಯರಿಗೆ ಕೀಲಿ ಕೊಟ್ಟು ಹೋಗಿ.

ಸಣ್ಣ ಕೆಲಸ ಮಾಡಬಹುದು, ವಾರಕ್ಕೆ 15 ಗಂಟೆಗಿಂತ ಕಡಿಮೆ ಇರಬೇಕು. ತಿಂಗಳಿಗೆ 165 ಯೂರೋವರೆಗಿನ ಗಳಿಕೆಗೆ ಭತ್ಯೆ ಕಡಿತವಾಗುವುದಿಲ್ಲ. ಆರಂಭಿಸುವ ಮೊದಲೇ ತಿಳಿಸಿ, ಪರವಾನಗಿಯಲ್ಲಿ ಆ ಕೆಲಸಕ್ಕೆ ಅನುಮತಿ ಇದೆಯೇ ನೋಡಿಕೊಳ್ಳಿ. ಭತ್ಯೆಯ ಅವಧಿಯಲ್ಲಿ ಆರೋಗ್ಯ ವಿಮೆಯ ಕಂತನ್ನು ಉದ್ಯೋಗ ಕಚೇರಿಯೇ ಕಟ್ಟುತ್ತದೆ.

ಕಚೇರಿಯ ತೀರ್ಮಾನ ತಪ್ಪೆನಿಸಿದರೆ ಒಂದು ತಿಂಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಶುಲ್ಕವಿಲ್ಲ. 12 ವಾರಗಳ ತಡೆ ಹಾಕಿದ ಪತ್ರಕ್ಕೆ ಅನೇಕರು ತಲೆಬಾಗಿ ಸುಮ್ಮನಾಗುತ್ತಾರೆ. ಸಂಬಳ ಕೊಡದಿದ್ದುದು, ಕಿರುಕುಳ, ಅನಾರೋಗ್ಯದಂಥ ಗಟ್ಟಿ ಕಾರಣ ದಾಖಲೆಯಲ್ಲಿದ್ದರೆ ಸುಮ್ಮನಾಗಬೇಡಿ.

8. ಪರವಾನಗಿಯ ದಿನಾಂಕ ಹತ್ತಿರ ಬಂದಾಗ, ಹೊಸ ಕೆಲಸ ಸಿಕ್ಕಾಗ

ಕಾರ್ಡಿನ ದಿನಾಂಕ ಮುಗಿಯುವ ಮೊದಲೇ ನವೀಕರಣದ ಅರ್ಜಿ ಕಚೇರಿಗೆ ತಲುಪಿದ್ದರೆ, ತೀರ್ಮಾನ ಬರುವವರೆಗೆ ಹಳೆಯ ಪರವಾನಗಿಯೇ ಮುಂದುವರಿದಂತೆ. ಭೇಟಿಯ ಸಮಯ ಸಿಗಲಿಲ್ಲ ಎಂದು ಕಾಯಬೇಡಿ, ಅರ್ಜಿ ಮೊದಲು ಹೋಗಲಿ. ಹಾಗೆ ಮುಂದುವರಿದಿದೆ ಎಂಬುದಕ್ಕೆ ಫಿಕ್ಷನ್ಸ್‌ಬೆಷೈನಿಗುಂಗ್ ಎಂಬ ಪ್ರಮಾಣಪತ್ರ ಕೇಳಿ ಪಡೆಯಿರಿ.

ಹೊಸ ಕೆಲಸ ಸಿಕ್ಕಾಗ ಬ್ಲೂ ಕಾರ್ಡ್ ಪಡೆದು 12 ತಿಂಗಳಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಬದಲಾವಣೆಯನ್ನು ವಲಸೆ ಕಚೇರಿಗೆ ತಿಳಿಸಬೇಕು. ಅವರು 30 ದಿನ ತಡೆಹಿಡಿದು ಪರಿಶೀಲಿಸಬಹುದು. ಸಾಮಾನ್ಯ ಪರವಾನಗಿ ಇರುವವರು ಹಸಿರು ಹಾಳೆಯಲ್ಲಿ ಹಳೆಯ ಸಂಸ್ಥೆಯ ಹೆಸರಿದ್ದರೆ ಅನುಮತಿ ಬರುವವರೆಗೆ ಹೊಸ ಕಡೆ ಒಂದು ದಿನವೂ ದುಡಿಯಬಾರದು. ಉದ್ಯೋಗ ಕಚೇರಿಗೆ ಸೇರುವ ದಿನಾಂಕವನ್ನು ಮೊದಲೇ ಕೊಡಿ. ಕೊಡದಿದ್ದರೆ ಸಂಬಳವೂ ಭತ್ಯೆಯೂ ಒಟ್ಟಿಗೆ ಬಂದು, ಆಮೇಲೆ ವಿವರಣೆ ಕೇಳುವ ಪತ್ರ ಬರುತ್ತದೆ.

ಈಗ ಕೆಲಸ ಗಟ್ಟಿಯಾಗಿರುವವರಿಗೂ ಇಲ್ಲಿ ಒಂದು ಕೆಲಸವಿದೆ. ಬ್ಲೂ ಕಾರ್ಡಿನವರು ಬಿ1 (ಮಧ್ಯಮ) ಮಟ್ಟದ ಜರ್ಮನ್ ಭಾಷೆ ಬಂದರೆ 21 ತಿಂಗಳಿಗೆ, ಎ1 (ಆರಂಭಿಕ) ಮಟ್ಟ ಇದ್ದರೆ 27 ತಿಂಗಳಿಗೆ ಕಾಯಂ ಪರವಾನಗಿಗೆ ಅರ್ಜಿ ಹಾಕಬಹುದು. ಆ ತಿಂಗಳು ತುಂಬಿದ ದಿನವೇ ಹಾಕಿ. ಕೆಲಸದಿಂದ ತೆಗೆದ ಪತ್ರ ಬಂದ ಮೇಲೆ ಹಾಕುವ ಅರ್ಜಿಗೆ ಆದಾಯದ ಪುರಾವೆ ಕೊಡುವುದು ಬಹಳ ಕಷ್ಟ.

ಕೆಲಸ ಸಿಗದೆ ಭಾರತಕ್ಕೆ ಮರಳಿ ಹೊರಡಬೇಕಾದವರು ಜರ್ಮನಿಯಲ್ಲಿ ತಾವಿರುವ ಊರಿನ ನಿವಾಸ ನೋಂದಣಿ ಕಚೇರಿಯಲ್ಲಿ ಹೆಸರು ತೆಗೆಸಿ ಅದರ ಪತ್ರ ಪಡೆಯಿರಿ, ಪಿಂಚಣಿ ವಿಮೆಯ ಸಂಖ್ಯೆಯನ್ನು ಜೋಪಾನ ಮಾಡಿ. ಜರ್ಮನ್ ಪಿಂಚಣಿಗೆ ಕನಿಷ್ಠ 60 ತಿಂಗಳ ಕಂತು ಬೇಕು. 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದಡಿ, ಅಷ್ಟು ತುಂಬದವರು ಭಾರತದಲ್ಲಿ ಪಿಂಚಣಿಗೆ ಕಟ್ಟಿದ ಅವಧಿಯನ್ನು ಅದಕ್ಕೆ ಜೋಡಿಸಿಕೊಳ್ಳಲು ದಾರಿಯಿದೆ. ಆ ಸಂಖ್ಯೆಯ ಕಾಗದ ಸೂಟ್‌ಕೇಸಿನಲ್ಲಿ ಬೇಡ, ಪಾಸ್‌ಪೋರ್ಟಿನ ಜೊತೆಗಿರಲಿ.